ಅನುಕೂಲದ ಕಿವಿ

ವಿಮಾನದ ಬಾಗಿಲಲ್ಲಿದ್ದ ಕಮಾನು ದಾಟುತ್ತಿದ್ದಂತೆ ವೈಜಯಂತಿ ಪಟ್ಟಣಶೆಟ್ಟಿಯ ಪಾಲಿಗೆ ಲೋಕದ ಸದ್ದೆಲ್ಲ ನಿಂತುಹೋಯಿತು. ಎದುರಿಗಿದ್ದ ಗಗನಸಖಿಯ ಸ್ವಾಗತ ಬರೀ ತುಟಿಗಳ ಚಲನೆಯಾಯಿತು. ಇದು ಅವಳಿಗೆ ರೂಢಿಯಾಗಿತ್ತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಬಿಗಿದು, ಶಾಲು ಹೊದ್ದು ಕಣ್ಣು ಮುಚ್ಚಿದಳು. ದಿಲ್ಲಿಯಿಂದ ಬೆಳಗಾವಿಯವರೆಗೆ ಇನ್ನು ಯಾರ ಮಾತೂ ಅವಳನ್ನು ಮುಟ್ಟುವಂತಿರಲಿಲ್ಲ.

ತಂತಿಯಿಲ್ಲದ ವಿಮಾನಗಳು ಬಂದು ಆಗಲೇ ಏಳೆಂಟು ವರ್ಷಗಳಾಗಿದ್ದವು. ಹಳೆಯ ವಿಮಾನಗಳ ಮೈಯೊಳಗೆ ನರಗಳ ಹಾಗೆ ಹರಡಿದ್ದ ಮೈಲುಗಟ್ಟಲೆ ತಂತಿಯನ್ನು ಕಿತ್ತುಹಾಕಿ, ಪೈಲಟ್ಟಿನ ಆಜ್ಞೆಯನ್ನು ರೆಕ್ಕೆಗೂ ಬ್ರೇಕಿಗೂ ಎಂಜಿನ್ನಿಗೂ ರೇಡಿಯೋ ಅಲೆಗಳಲ್ಲೇ ಮುಟ್ಟಿಸುವ ಹೊಸ ವಿದ್ಯೆ ಅದು. ವಿಮಾನದ ತೂಕ ಇಳಿಯಿತು, ಇಂಧನ ಉಳಿಯಿತು, ಟಿಕೆಟ್ ಅಗ್ಗವಾಯಿತು. ಅದರ ಬೆನ್ನಿಗೇ ಒಂದು ಭಯವೂ ಹುಟ್ಟಿತು. ಪ್ರಯಾಣಿಕರ ಜೇಬಿನಲ್ಲಿರುವ ಯಾವುದಾದರೂ ಯಂತ್ರ ಆ ಅಲೆಗಳ ನಡುವೆ ಬಾಯಿ ಹಾಕಿದರೆ?

ಆ ಭಯದಿಂದ ಹುಟ್ಟಿದ್ದು 'ಮಲಗು ಸಂಕೇತ'. ಮಾರಾಟವಾಗುವ ಪ್ರತಿಯೊಂದು ಎಲೆಕ್ಟ್ರಾನಿಕ್ ವಸ್ತುವೂ ಈ ಸಂಕೇತಕ್ಕೆ ತಲೆಬಾಗಬೇಕು ಎಂದು ಕಾನೂನಾಯಿತು. ಬಾಗಿಲ ಕಮಾನಿನಿಂದ ಒಂದು ಸಲ ಸಂಕೇತ ಹೊರಟರೆ ಫೋನು, ಗಡಿಯಾರ, ಕನ್ನಡಕ ಎಲ್ಲ ಮಲಗುತ್ತಿದ್ದವು. ಅವು ಮಧ್ಯದಲ್ಲಿ ಎಚ್ಚರಾಗದಂತೆ ಛಾವಣಿಯಲ್ಲಿದ್ದ ಪೆಟ್ಟಿಗೆಯೊಂದು ಹಾರಾಟದುದ್ದಕ್ಕೂ ಅದೇ ಸಂಕೇತವನ್ನು ಮತ್ತೆ ಮತ್ತೆ ಕೂಗುತ್ತಿತ್ತು. ಜನ ಹೊಂದಿಕೊಂಡರು. ನಿಲ್ದಾಣಗಳಲ್ಲಿ ಇಸ್ಪೀಟು, ಪದಬಂಧದ ಪುಸ್ತಕಗಳ ಅಂಗಡಿಗಳು ಹುಟ್ಟಿದವು. ಮಕ್ಕಳು ಕಿಟಕಿಯಿಂದ ಮೋಡ ನೋಡಲು ಕಲಿತವು ಎಂದು ಪತ್ರಿಕೆಗಳು ಹೊಗಳಿ ಬರೆದವು. ಕೈನಡುಕ ನಿಲ್ಲಿಸಲು ತಲೆಯೊಳಗೆ ಯಂತ್ರ ಕೂರಿಸಿಕೊಂಡವರು ಮಾತ್ರ ಸದ್ದಿಲ್ಲದೆ ರೈಲು ಹತ್ತಿದರು.

ಹೃದಯದ ಪೇಸ್‌ಮೇಕರಿಗೆ ವಿನಾಯಿತಿಯಿತ್ತು. ಅದು ಜೀವರಕ್ಷಕ ಸಾಧನ. ವೈಜಯಂತಿಯ ಕಿವಿಯ ಹಿಂದಿನ ಮಷೀನಿಗೆ ಇರಲಿಲ್ಲ. ಚಿಕ್ಕಂದಿನಲ್ಲೇ ಮೆದುಳು ಜ್ವರದಲ್ಲಿ ಎರಡೂ ಕಿವಿ ಹೋಗಿ, ಕಿವಿಯೊಳಗೆ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟಿನಿಂದಲೇ ಮಾತು ಕಲಿತು, ಓದಿ, ರೇಡಿಯೋ ಅಲೆಗಳ ವಿಜ್ಞಾನಿಯಾದವಳು ಅವಳು. ನಿಯಮದ ಪಟ್ಟಿ ಅವಳ ಕಿವಿಯನ್ನು 'ಅನುಕೂಲ ಸಾಧನ' ಎಂದು ಕರೆದಿತ್ತು.

ಆ ಸಂಜೆ ಬೆಳಗಾವಿಯಲ್ಲಿ ಜಿನುಗು ಮಳೆ. ಚಕ್ರ ನೆಲ ಮುಟ್ಟಿದ್ದೇ ಒಂದು ಟಯರು ಸಿಡಿಯಿತು. ವಿಮಾನ ಓರೆಯಾಗಿ ರನ್‌ವೇ ಬಿಟ್ಟು ಹುಲ್ಲಿಗಿಳಿಯಿತು. ಅದಕ್ಕೆ ಮುಂಚೆ ಸಿಕ್ಕ ಚೂರು ಅವಕಾಶದಲ್ಲೇ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಕೂಗಿದರು, ಸಿಬ್ಬಂದಿ ಕೂಗಿದರು, ಎಲ್ಲರೂ ತಲೆ ತಗ್ಗಿಸಿ ಮುಂದಿನ ಸೀಟನ್ನು ಹಿಡಿದುಕೊಂಡರು. ಸೀಟಿಗೆ ನೆಟ್ಟಗೆ ಒರಗಿಕೊಂಡು ನಿದ್ದೆಯಲ್ಲಿದ್ದವಳು ವೈಜಯಂತಿ ಒಬ್ಬಳೇ. ಕಣ್ಣು ಬಿಟ್ಟಾಗ ಅವಳ ಬಾಯಿ ತುಂಬ ರಕ್ತವಿತ್ತು, ಎಡಗೈ ಎತ್ತಲಾಗುತ್ತಿರಲಿಲ್ಲ. ಸುತ್ತ ಜನ ಬಾಯಿ ತೆರೆದು ಓಡುತ್ತಿದ್ದರು. ಏನಾಯಿತೆಂದು ಅವಳಿಗೆ ಹೇಳುವವರಿರಲಿಲ್ಲ, ಹೇಳಿದರೂ ಕೇಳುತ್ತಿರಲಿಲ್ಲ.

ಆ ವಿಮಾನದಲ್ಲಿ ಎಲುಬು ಮುರಿದುಕೊಂಡವಳು ಅವಳೊಬ್ಬಳೇ.

ಕೊರಳ ಹತ್ತಿರದ ಎಲುಬು ಕೂಡಿಕೊಳ್ಳುವವರೆಗೆ ಅವಳು ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ, ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈಯಿಟ್ಟುಕೊಂಡು ಕೂತಳು. ಗಂಡ ಮಹಾಂತೇಶ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವವನು. ಬೆಳಿಗ್ಗೆ ಅವಳ ಜಡೆ ಹಾಕಲು ಕಲಿತ, ಅದು ಮಧ್ಯಾಹ್ನಕ್ಕೆಲ್ಲ ಬಿಚ್ಚಿಹೋಗುತ್ತಿತ್ತು. ಅತ್ತೆ ಗೌರವ್ವ ತುತ್ತು ಮಾಡಿ ಕೊಡುತ್ತ, ಈ ಸೊಸೆ ಮೊದಲ ಸಲ ತನ್ನ ಮಾತು ಕೇಳಿ ಸುಮ್ಮನೆ ಉಣ್ಣುತ್ತಿದ್ದಾಳೆಂದು ನೆರೆಯವರ ಮುಂದೆ ತಮಾಷೆ ಮಾಡುತ್ತಿದ್ದಳು. ವೈಜಯಂತಿಗೆ ಆಗಿನ್ನೂ ಸಿಟ್ಟು ಬಂದಿರಲಿಲ್ಲ. ಅಪಘಾತ, ಆಯಿತು ಎಂದುಕೊಂಡಿದ್ದಳು.

ಸಿಟ್ಟು ಬಂದದ್ದು ತನಿಖೆಯ ವರದಿ ಪ್ರಕಟವಾದ ದಿನ. ಟಯರು, ಮಳೆ, ರನ್‌ವೇ ಎಲ್ಲದರ ಬಗ್ಗೆ ಬರೆದ ಮೇಲೆ ಅದರಲ್ಲಿ ಅವಳ ಬಗ್ಗೆ ಒಂದೇ ವಾಕ್ಯವಿತ್ತು: ಸಿಬ್ಬಂದಿಯ ಸೂಚನೆಯನ್ನು ಪಾಲಿಸದ ಕಾರಣ ಪ್ರಯಾಣಿಕರೊಬ್ಬರಿಗೆ ಪೆಟ್ಟಾಗಿದೆ.

ಅವಳು ಅದನ್ನು ಜೋರಾಗಿ ಓದಿದಳು. ಗೌರವ್ವ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಪಾಲಿಸಲಿಲ್ಲ ಅಂದ್ರ? ನೀ ಬೇಕಂತ ಮಾಡಿದಿ ಅಂತನ?"

"ಹಂಗ ಅಂತ ಬರದಾರ್ರಿ ಅತ್ತಿ. ಕಿವಿ ಕಸಗೊಂಡಾವ್ರು ಅವರು. ಕೇಳಲಿಲ್ಲ ಅಂತ ನನ್ನ ಮ್ಯಾಲ ತಪ್ಪು ಹೊರಿಸ್ಯಾರ."

ಕೈಯ ಜೋಳಿಗೆ ಬಿಚ್ಚಿದ ವಾರವೇ ಅವಳು ಕೆಲಸಕ್ಕೆ ಮರಳಿದಳು. ಊರ ಹೊರಗಿದ್ದ ಅವಳ ಪ್ರಯೋಗಾಲಯದಲ್ಲಿ ವಿಮಾನದ ಬಿಡಿಭಾಗಗಳನ್ನು ರೇಡಿಯೋ ಗದ್ದಲದೊಳಗಿಟ್ಟು ಪರೀಕ್ಷಿಸುತ್ತಿದ್ದರು. ಗೋಡೆ, ಛಾವಣಿ, ನೆಲಕ್ಕೆಲ್ಲ ಕಪ್ಪು ಸ್ಪಂಜಿನ ಮೊನೆಗಳನ್ನು ಹೊದಿಸಿದ್ದ ದೊಡ್ಡ ಕೋಣೆ ಅವಳ ಸುಪರ್ದಿಯಲ್ಲಿತ್ತು. ಹೊರಗಿನ ಯಾವ ಅಲೆಯೂ ಅದರೊಳಗೆ ನುಗ್ಗುವಂತಿರಲಿಲ್ಲ, ಒಳಗಿನದು ಗೋಡೆಗೆ ತಾಗಿ ಹಿಂದಿರುಗುವಂತಿರಲಿಲ್ಲ. ನಡುವೆ ವಿಮಾನದ ಒಂದು ತುಂಡು, ಸೀಟುಗಳ ಸಮೇತ, ನಿಂತಿತ್ತು.

ನಿರ್ದೇಶಕ ಉದಯಶಂಕರ ಬೇವೂರರ ಬಳಿ ಹೋಗಿ, ಶ್ರವಣಯಂತ್ರಗಳಿಂದ ವಿಮಾನಕ್ಕೆ ತೊಂದರೆಯಾಗುತ್ತದೆಂದು ಯಾರಾದರೂ ಅಳೆದು ನೋಡಿದ್ದಾರೆಯೇ ಎಂದು ಕೇಳಿದಳು. ಬೇವೂರರು ಅವಳಿಗೆ ಈ ವಿದ್ಯೆ ಕಲಿಸಿದವರು, ಸುಳ್ಳು ಹೇಳುವವರಲ್ಲ. ಯಾರೂ ಅಳೆದಿಲ್ಲ ಎಂದು ಒಪ್ಪಿಕೊಂಡರು. ಮಾರುಕಟ್ಟೆಯಲ್ಲಿ ಲಕ್ಷಾಂತರ ಬಗೆಯ ಯಂತ್ರಗಳಿವೆ, ಒಂದೊಂದನ್ನೂ ಅಳೆಯುತ್ತ ಕೂತರೆ ವಿಮಾನ ಹಾರುವುದು ಯಾವಾಗ, ಎಲ್ಲಕ್ಕೂ ಒಂದೇ ನಿಯಮ ಮಾಡಿದರೆ ಸುಲಭ ಅಂತ ಮಾಡಿದ್ದಾರೆ ಎಂದರು. ಹಾಗಾದರೆ ನಾನು ಅಳೆಯುತ್ತೇನೆ ಎಂದು ಅವಳು ಹೇಳಿದಳು. ಅವರು ಬೇಡವೆನ್ನಲಿಲ್ಲ.

ಉಪ್ಪುನೀರು ತುಂಬಿದ ಪ್ಲಾಸ್ಟಿಕ್ ತಲೆಗಳನ್ನು ಮಾಡಿಸಿ ಸೀಟು ಸೀಟಿನ ಮೇಲೆ ಕೂರಿಸಿದಳು. ರೇಡಿಯೋ ಅಲೆಯ ಮಟ್ಟಿಗೆ ಉಪ್ಪುನೀರಿಗೂ ಮನುಷ್ಯರ ತಲೆಗೂ ಹೆಚ್ಚು ವ್ಯತ್ಯಾಸವಿಲ್ಲ. ಒಂದೊಂದು ತಲೆಗೂ ಎಚ್ಚರವಿರುವ ಕಿವಿ ಮಷೀನು ತೊಡಿಸಿದಳು. ಅದು ಚರ್ಮದಡಿ ಕೂರಿಸಿದ ಸುರುಳಿಗೆ ಶಕ್ತಿ ದಾಟಿಸುವ ಅಲೆ ಒಂದು ಗೇಣು ಹೋಗುವಷ್ಟರಲ್ಲೇ ಸತ್ತುಹೋಗುತ್ತದೆ ಎಂಬುದು ಅವಳಿಗೆ ಲೆಕ್ಕದಲ್ಲಿ ಗೊತ್ತಿತ್ತು. ಕಣ್ಣಾರೆ ನೋಡಬೇಕಿತ್ತು. ವಿಮಾನದ ಆಜ್ಞೆಗಳನ್ನು ಗಂಟೆಗಟ್ಟಲೆ ಹರಿಸಿದಳು. ಒಂದಾದರೂ ತಡವಾಗಲಿಲ್ಲ, ಒಂದಾದರೂ ತಪ್ಪಲಿಲ್ಲ.

ಹೋಲಿಸಿ ನೋಡಲೆಂದು ಎಲ್ಲ ಕಿವಿಗಳನ್ನೂ ಆರಿಸಿ, ಮಲಗು ಸಂಕೇತ ಕೂಗುವ ಛಾವಣಿಯ ಪೆಟ್ಟಿಗೆಯನ್ನು ಹಚ್ಚಿದಳು. ಪರದೆಯ ಮೇಲೆ ಅಲ್ಲಲ್ಲಿ ಕೆಂಪು ಗೆರೆಗಳು ಎದ್ದವು. ಕೆಲವು ಆಜ್ಞೆಗಳು ಮೊದಲ ಸಲಕ್ಕೆ ಮುಟ್ಟದೆ, ವ್ಯವಸ್ಥೆ ಅವನ್ನು ಮತ್ತೊಮ್ಮೆ ಕಳಿಸುತ್ತಿತ್ತು. ಅಪಾಯದ ಮಟ್ಟವೇನಲ್ಲ. ಆದರೆ ಆ ಇಡೀ ಕೋಣೆಯಲ್ಲಿ ವಿಮಾನದ ಮಾತಿಗೆ ಅಡ್ಡ ಬರುತ್ತಿದ್ದ ವಸ್ತು ಯಾವುದಾದರೂ ಇದ್ದರೆ ಅದು ಎಲ್ಲರನ್ನೂ ಸುಮ್ಮನಿರಿಸಲು ತಂದ ಪೆಟ್ಟಿಗೆಯೊಂದೇ. ವೈಜಯಂತಿ ತಂತಿಗಳನ್ನು ಬದಲಿಸಿ, ಉಪಕರಣ ಬದಲಿಸಿ, ಬೇರೆ ಪೆಟ್ಟಿಗೆ ತರಿಸಿ ಮತ್ತೆ ಅಳೆದಳು. ಕೆಂಪು ಗೆರೆಗಳು ಅಲ್ಲೇ ಇದ್ದವು.

ಬೇವೂರರು ಪರದೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಅಳತಿ ಬರೋಬ್ಬರಿ ಅದ," ಎಂದರು. "ಆದ್ರ ಇದನ್ನ ಈಗ ಹೊರಗ ಹಾಕೂದು ಬ್ಯಾಡ."

"ಯಾಕ್ರಿ ಸರ್?"

"ವೈಜಯಂತಿ, ಕಿವಿ ನಿಮ್ದು, ಪೆಟ್ಟು ತಿಂದಾವ್ರು ನೀವು, ಅಳದಾವ್ರೂ ನೀವು. ಇದು ವಿಜ್ಞಾನ ಅಲ್ಲ, ಹಟ ಅಂತಾರ. ನಾ ಮೆಲ್ಲಕ ಮ್ಯಾಲಿನವರಿಗೆ ಹೇಳ್ತೀನಿ. ಅಷ್ಟರೊಳಗ ಕಿವುಡರಿಗೆ ಒಂದು ಕಾರ್ಡ್ ಮಾಡಸೋಣು. ಅಪಾಯ ಬಂದ್ರ ಗಗನಸಖಿ ಬಂದು ಅದನ್ನ ತೋರಸ್ತಾಳ."

"ಹೊಗಿ ತುಂಬಿದ ವಿಮಾನದಾಗ?"

ಬೇವೂರರು ಕನ್ನಡಕ ಮತ್ತೆ ಹಾಕಿಕೊಂಡರು. ವಿಮಾನ ಸುರಕ್ಷಾ ಮಂಡಳಿ ಆ ತಿಂಗಳು ಬೆಂಗಳೂರಿನಲ್ಲಿ ಅಹವಾಲು ಕೇಳಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ತನಿಖೆಯ ವರದಿಗೆ ಆಕ್ಷೇಪವಿದ್ದ ಪ್ರಯಾಣಿಕರು ಅಲ್ಲಿ ಬಂದು ಮಾತಾಡಬಹುದಿತ್ತು. ತಾನು ವಿಜ್ಞಾನಿಯಾಗಿ ಹೋಗುವುದಿಲ್ಲ, ಪೆಟ್ಟು ತಿಂದ ಪ್ರಯಾಣಿಕಳಾಗಿ ಹೋಗುತ್ತೇನೆ, ಆದರೆ ನೋಡಿದ್ದನ್ನೆಲ್ಲ ಹೇಳುತ್ತೇನೆ ಎಂದಳು. ಹಾಗೆ ಮಾಡಿದರೆ ಈ ಕೋಣೆಯ ಬೀಗದಕೈ ನಿಮ್ಮ ಹತ್ತಿರ ಉಳಿಯುವುದಿಲ್ಲ ಎಂದು ಬೇವೂರರು ಎಚ್ಚರಿಸಿದರು. ಬೆದರಿಸುವ ದನಿಯಲ್ಲ, ಬೇಸರದ ದನಿ.

ಆ ವಾರ ಮನೆಗೆ ಅನಿರೀಕ್ಷಿತವಾಗಿ ಒಬ್ಬರು ಬಂದರು. ಎತ್ತರದ ಹೆಂಗಸು, ತಲೆಯ ಮೇಲೆ ಬೂದು ದುಪಟ್ಟ, ಕೈಯಲ್ಲಿ ಒಂದು ಚೀಲ ದ್ರಾಕ್ಷಿ. ಹೆಸರು ಜಬೀನ್ ಮುಲ್ಲಾ, ವಿಜಯಪುರದ ಕಡೆಯವರು. ಅಂದು ಆ ವಿಮಾನವನ್ನು ಹುಲ್ಲಿನ ಮೇಲೆ ನಿಲ್ಲಿಸಿದ ಕ್ಯಾಪ್ಟನ್. ಕುರ್ಚಿಯ ಅಂಚಿನಲ್ಲಿ ಕೂತು, ಚಹಾ ಬೇಡವೆಂದು, ಗೌರವ್ವ ಒತ್ತಾಯ ಮಾಡಿದ ಮೇಲೆ ಕುಡಿದು, ಬಂದ ವಿಷಯ ಹೇಳಿದರು.

"ತಲಿ ತಗ್ಗಸ್ರಿ ಅಂತ ಒದರಿದ ದನಿ ನಂದ ರೀ. ಎಲ್ಲಾರಿಗೂ ಮುಟ್ಟೇತಿ ಅಂತ ತಿಳದಿದ್ದೆ. ವರದಿ ಓದಿ, ಪೆಟ್ಟು ತಿಂದಾವ್ರು ಯಾರಂತ ವಿಚಾರಿಸಿದ ಮ್ಯಾಲ ಗೊತ್ತಾತು, ನನ್ನ ವಿಮಾನದೊಳಗ ಒಬ್ಬರಿಗೆ ನನ್ನ ದನಿ ಕೇಳಬಾರದು ಅಂತ ನಾವ ವ್ಯವಸ್ಥಾ ಮಾಡಿದ್ವಿ ಅಂತ."

ವೈಜಯಂತಿ ಪೆಟ್ಟಿಗೆಯ ವಿಷಯ ಹೇಳಿದಳು. ಕ್ಯಾಪ್ಟನ್ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮಂಥವರೆಲ್ಲ ಕಿವಿ ಹಚ್ಚಿಕೊಂಡು ಕೂತರೆ ನನ್ನ ವಿಮಾನ ನನ್ನ ಮಾತು ಕೇಳುತ್ತದೆಯೇ? ಕೇಳುತ್ತದೆ, ಈಗಿನದಕ್ಕಿಂತ ಚೆನ್ನಾಗಿ ಕೇಳುತ್ತದೆ ಎಂದಳು ವೈಜಯಂತಿ. ಹಾಗಾದರೆ ಅಹವಾಲಿಗೆ ತಾನೂ ಬರುತ್ತೇನೆ ಎಂದು ಕ್ಯಾಪ್ಟನ್ ಎದ್ದರು. ಅವರಿಗೂ ಕಳೆದುಕೊಳ್ಳಲು ಕೆಲಸವಿತ್ತು, ಅದರ ಮಾತೆತ್ತಲಿಲ್ಲ.

ಅವರು ಹೋದ ಮೇಲೆ ಮಹಾಂತೇಶ ಅಂಗಳದಲ್ಲಿ ಸುಮ್ಮನೆ ಓಡಾಡಿದ. ಕೋಣೆ ಹೋದರೆ ಅವಳು ಏನಾಗುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳು ಅವನನ್ನು ಆ ಕಪ್ಪು ಕೋಣೆಗೆ ಕರೆದೊಯ್ದು, ಇಲ್ಲಿ ನಾನೂ ನೀವೂ ಸಮ, ಇಬ್ಬರಿಗೂ ಹೊರಗಿನದೇನೂ ಕೇಳಿಸುವುದಿಲ್ಲ ಎಂದು ನಕ್ಕಿದ್ದಳು. ಕೊನೆಗೆ ಒಳಗೆ ಬಂದು, ಅವಳ ಎದುರು ಕೂತ.

"ಹೋಗಬ್ಯಾಡ ಅಂತ ನಾ ಹೇಳಾಂಗಿಲ್ಲ. ಆದ್ರ ಅಲ್ಲಿ ಸಿಟ್ಟಿಗೇಳಬ್ಯಾಡ. ಸಿಟ್ಟಿಗೆದ್ರ ಅವರಿಗೆ ಹಗುರ ಆಗ್ತದ."

ಗೌರವ್ವ ಅಡಿಗೆಮನೆಯಿಂದಲೇ ಹೇಳಿದಳು: "ಸಿಟ್ಟಿಗೇಳ್ಲಿ ಬಿಡೋ. ಎಲುಬು ಮುರದದ್ದು ಆಕೀದು."

ಅಹವಾಲಿನ ಸಭಾಂಗಣ ಬೆಂಗಳೂರಿನ ಒಂದು ಸರ್ಕಾರಿ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಅರ್ಧಚಂದ್ರದಂಥ ಮೇಜಿನ ಹಿಂದೆ ಮಂಡಳಿಯ ಸದಸ್ಯರು, ನಡುವೆ ಅಧ್ಯಕ್ಷ ಶ್ರೀಕಂಠಯ್ಯನವರು, ಅವರ ಮುಂದೊಂದು ಹಿತ್ತಾಳೆಯ ಕರೆಗಂಟೆ. ಗೋಡೆಗೊರಗಿದ ಕುರ್ಚಿಗಳಲ್ಲಿ ವಿಮಾನ ಕಂಪನಿಯ ವಕೀಲರು, ಪೆಟ್ಟಿಗೆ ತಯಾರಿಸುವವರು. ಮಂಡಳಿ ಸಲಹೆಗಾಗಿ ಕರೆಸಿದ್ದ ಬೇವೂರರೂ ಇದ್ದರು. ಅವಳನ್ನು ಕಂಡು ತಲೆಯಾಡಿಸಿದರು. ಮಹಾಂತೇಶ, ಜಬೀನ್ ಮುಲ್ಲಾ ಹಿಂದಿನ ಸಾಲಿನಲ್ಲಿ ಕೂತರು. ಕ್ಯಾಪ್ಟನ್ ಮೊದಲು ಎದ್ದು ತಮ್ಮ ಮಾತನ್ನು ನಾಲ್ಕೇ ವಾಕ್ಯಗಳಲ್ಲಿ ಹೇಳಿದರು. ತನ್ನ ಆಜ್ಞೆ ಪ್ರಯಾಣಿಕರಿಗೆ ಮುಟ್ಟುವುದೂ ಸುರಕ್ಷತೆಯ ಭಾಗ, ಒಬ್ಬರಿಗೆ ಮುಟ್ಟದಂತೆ ಮಾಡಿ ಅವರನ್ನೇ ದೂರುವುದು ತನಗೆ ನಾಚಿಕೆಯ ಸಂಗತಿ ಎಂದರು. ವಕೀಲರು ಏನೋ ಬರೆದುಕೊಂಡರು.

ಆಮೇಲೆ ವೈಜಯಂತಿಯ ಹೆಸರು ಕರೆದರು. ಅವಳು ಎದ್ದು ನಿಂತು ಬಾಯಿ ತೆರೆಯುವುದರೊಳಗೆ ಕಾರ್ಯದರ್ಶಿ ಅಧ್ಯಕ್ಷರ ಕಿವಿಯಲ್ಲಿ ಪಿಸುಗುಟ್ಟಿದ. ಅಧ್ಯಕ್ಷರು ಮುಜುಗರದಿಂದ ಗಂಟಲು ಸರಿಪಡಿಸಿಕೊಂಡರು.

"ಒಂದು ನಿಮಿಷ ಮೇಡಂ. ಈ ಸಭಾಂಗಣದಲ್ಲಿ ಧ್ವನಿ ಗ್ರಹಿಸೋ ಸಾಧನ ಯಾವುದೂ ಇರಬಾರದು ಅಂತ ನಿಯಮ ಇದೆ. ನಿಮ್ಮ ಕಿವಿ ಹಿಂದೆ ಇರೋದರಲ್ಲಿ ಮೈಕ್ ಇದೆಯಂತೆ. ಅದನ್ನ ದಯವಿಟ್ಟು ಹೊರಗೆ ಇಟ್ಟು ಬರ್ತೀರಾ?"

ಹಿಂದೆ ಮಹಾಂತೇಶ ಅರ್ಧ ಎದ್ದ. ವೈಜಯಂತಿ ಅವನತ್ತ ನೋಡಲಿಲ್ಲ. ಅವಳ ಎದೆಯೊಳಗೆ ಇಷ್ಟು ದಿನ ಕುದಿಯುತ್ತಿದ್ದದ್ದು ಆ ಕ್ಷಣ ತಣ್ಣಗಾಗಿ, ಗಟ್ಟಿಯಾಗಿ ನಿಂತಿತು.

"ಹೊರಗ ಯಾಕ್ರಿ," ಎಂದಳು. "ಇಲ್ಲೇ ಇಡ್ತೀನಿ. ನೀವು ನೋಡ್ರಿ."

ಮಷೀನು ತೆಗೆದಳು, ಆರಿಸಿದಳು, ಅಧ್ಯಕ್ಷರ ಮುಂದೆ ಮೇಜಿನ ಮೇಲಿಟ್ಟಳು. ಹೆಬ್ಬೆರಳಿನಷ್ಟು ದೊಡ್ಡದು. ಪಂಖದ ಸದ್ದು, ಕುರ್ಚಿಗಳ ಕಿರುಗುಟ್ಟು, ಹೊರಗಿನ ವಾಹನಗಳ ಮೊರೆತ ಎಲ್ಲ ಹೋಯಿತು. ತನ್ನ ಜಾಗಕ್ಕೆ ಮರಳಿ, ಎದುರಿನ ಗೋಡೆಯ ಮೇಲಿನ ಭೂಪಟದ ಮೇಲೆ ಕಣ್ಣು ನೆಟ್ಟು ಮಾತು ಶುರು ಮಾಡಿದಳು. ಅವಳಿಗೆ ತುಟಿ ಓದಲು ಬರುತ್ತಿತ್ತು. ಬೇಕೆಂದೇ ಯಾರ ಮುಖವನ್ನೂ ನೋಡಲಿಲ್ಲ.

ಮೊದಲು ತನ್ನ ಹೆಸರು ಹೇಳಿದಳು, ಕಸುಬು ಹೇಳಿದಳು. ಆಮೇಲೆ ಉಪ್ಪುನೀರಿನ ತಲೆಗಳಿಂದ ಹಿಡಿದು ಕೆಂಪು ಗೆರೆಗಳವರೆಗೆ ಒಂದನ್ನೂ ಬಿಡದೆ ಹೇಳಿದಳು. ನಾನು ಅಳೆದದ್ದು ಸುಳ್ಳೆನಿಸಿದರೆ ಬೇರೆ ಯಾವ ಊರಿನ ಪ್ರಯೋಗಾಲಯದಲ್ಲಾದರೂ ಅಳೆಸಿ ನೋಡಿ, ನನ್ನ ಹಟವನ್ನು ಪಕ್ಕಕ್ಕಿಟ್ಟು ಅಳತೆಯನ್ನಷ್ಟೇ ನೋಡಿ ಎಂದಳು. ಕಣ್ಣಂಚಿನಲ್ಲಿ ಪೆಟ್ಟಿಗೆಯ ಕಂಪನಿಯವನು ಎದ್ದು ಕೈ ಬೀಸುತ್ತಿದ್ದ. ಅಧ್ಯಕ್ಷರ ಕೈ ಕರೆಗಂಟೆಯ ಮೇಲೆ ಬಿತ್ತು, ಮತ್ತೆ ಬಿತ್ತು. ಹಿತ್ತಾಳೆ ಅಲುಗುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ಅವಳು ಮುಂದುವರಿಸಿದಳು.

"ನೀವು ಗಂಟಿ ಬಾರಸಾಕತ್ತೀರಿ. ನಿಲ್ಲಸು ಅಂತಿರಬೇಕು. ನಂಗ ಕೇಳಾಂಗಿಲ್ಲ. ನಿಮ್ಮ ನಿಯಮ ಪಾಲಿಸೇ ನಾ ಹಿಂಗ ನಿಂತೀನಿ. ನಾಳೆ ನೀವು ಬರೀತೀರಿ, ಈಕಿ ಅಧ್ಯಕ್ಷರ ಸೂಚನಾ ಪಾಲಿಸಲಿಲ್ಲ ಅಂತ. ವಿಮಾನದಾಗ ಆದದ್ದೂ ಇದ. ಇಲ್ಲಿ ನಿಮ್ಮ ಸಭಾ ಕೆಡತದ, ಅಲ್ಲಿ ನನ್ನ ಎಲುಬು ಮುರದದ. ಇದು ಅನುಕೂಲಕ್ಕ ಇಟ್ಟಗೊಂಡದ್ದು ಅಂತ ನಿಮಗ ಇನ್ನೂ ಅನಸತದೇನು? ಇದು ಇಲ್ಲದಿದ್ರ ನನಗ ಅಷ್ಟ ಅಲ್ಲ, ನನ್ನ ಕೂಡ ಮಾತಾಡಬೇಕಾದ ನಿಮಗೂ ನಡ್ಯಾಂಗಿಲ್ಲ."

ಅವಳು ನಿಲ್ಲಿಸಿದಳು. ಆಗ ಮಾತ್ರ ಕಣ್ಣನ್ನು ಭೂಪಟದಿಂದ ಕೆಳಗಿಳಿಸಿದಳು. ಗಂಟೆ ಬಾರಿಸುವುದು ನಿಂತಿತ್ತು. ಅಧ್ಯಕ್ಷರು ಬೇವೂರರತ್ತ ತಿರುಗಿ ಏನೋ ಕೇಳುತ್ತಿದ್ದರು. ಬೇವೂರರು ತಡೆದು ತಡೆದು ಎದ್ದು ನಿಂತರು. ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಅವರ ತುಟಿಗಳನ್ನು ಅವಳು ಓದಿದಳು. ಅಳತೆ ಸರಿಯಿದೆ. ನಾನೇ ಕೂತು ನೋಡಿದ್ದೇನೆ.

ಆಮೇಲೆ ನಡೆದದ್ದು ಅವಳಿಗೆ ತಕ್ಷಣ ತಿಳಿಯಲಿಲ್ಲ. ಶ್ರೀಕಂಠಯ್ಯನವರು ಮೇಜು ಬಳಸಿ ಬಂದು, ಆ ಪುಟ್ಟ ಮಷೀನನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಚಾಚಿದರು. ಅವಳು ಅದನ್ನು ತೆಗೆದುಕೊಂಡು ಹಾಕಿಕೊಂಡಳು.

"ಈಗ ಕೇಳಿಸುತ್ತಾ?" ಎಂದರು ಅವರು.

"ಹ್ಞೂಂ ರಿ."

"ಹಾಗಾದರೆ ನನ್ನ ಪ್ರಶ್ನೆಗಳಿವೆ. ಕೂತುಕೊಳ್ಳಿ."

ಸಂಜೆಯವರೆಗೆ ಅವರು ಪ್ರಶ್ನೆ ಕೇಳಿದರು, ಅವಳು ಉತ್ತರ ಕೊಟ್ಟಳು. ಎಲ್ಲವೂ ಮೆತ್ತಗೆ ಮುಗಿಯಿತೆಂದಲ್ಲ. ಬೆಳಗಾವಿಗೆ ಮರಳಿದ ಮೇಲೆ ಕಪ್ಪು ಕೋಣೆಯ ಬೀಗದಕೈ ಅವಳಿಂದ ಹೋಯಿತು. ಬೇವೂರರು ಅದನ್ನು ತಡೆಯಲಾಗದೆ, ಆದೇಶವನ್ನು ತಾವೇ ತಂದುಕೊಟ್ಟು ತಲೆತಗ್ಗಿಸಿ ನಿಂತರು. ಅವಳನ್ನು ಪ್ರಯೋಗಾಲಯದ ಗ್ರಂಥಾಲಯಕ್ಕೆ ಹಾಕಿದರು. ಅಲ್ಲಿ ಕೂತೇ ಅವಳು ತನ್ನ ಅಳತೆಗಳನ್ನು ದೇಶದ ಬೇರೆ ಬೇರೆ ಪ್ರಯೋಗಾಲಯಗಳಿಗೆ ಕಳಿಸಿದಳು. ಮೂರು ಕಡೆಗಳಲ್ಲಿ ಮತ್ತೆ ಅಳೆದರು; ಮೂರು ಕಡೆಗಳಲ್ಲೂ ಕೆಂಪು ಗೆರೆಗಳು ಎದ್ದವು. ವಿಮಾನ ಕಂಪನಿಯವರು ಜಬೀನ್ ಮುಲ್ಲಾ ಅವರನ್ನು ಕೆಲ ಕಾಲ ನೆಲದ ಮೇಲಿನ ತರಬೇತಿಗೆ ಹಾಕಿ, ಪೈಲಟ್ಟುಗಳ ಸಂಘ ಜಗಳವಾಡಿದ ಮೇಲೆ ಮತ್ತೆ ಹಾರಲು ಬಿಟ್ಟರು. ತನಿಖೆಯ ವರದಿಯಿಂದ ಆ ವಾಕ್ಯ ಹೋಯಿತು.

ಮರುವರ್ಷ ನಿಯಮ ಬದಲಾಯಿತು. ಛಾವಣಿಯ ಪೆಟ್ಟಿಗೆಗಳನ್ನು ತೆಗೆಸಿದರು. ಮನುಷ್ಯರ ಮೈಗೆ ಸೇರಿದ ಸಾಧನಗಳು, ಕಿವಿಯಿರಲಿ, ಕೈನಡುಕದ್ದಿರಲಿ, ಎಚ್ಚರವಾಗಿರಬಹುದು ಎಂದರು. ಜೊತೆಗೆ ಬಾಲದಲ್ಲೊಂದು ಷರತ್ತು ಸೇರಿಸಿದ್ದರು: ಅಂಥವರು ಪ್ರಯಾಣಕ್ಕೆ ಮುಂಚಿತವಾಗಿ ಅನುಮತಿ ಪಡೆದಿರಬೇಕು.

ವೈಜಯಂತಿ ಅನುಮತಿ ಕೇಳಲಿಲ್ಲ. ದಿಲ್ಲಿಯಲ್ಲಿ ಉಪನ್ಯಾಸವೊಂದಕ್ಕೆ ಕರೆದಿದ್ದರು. ಮಹಾಂತೇಶ ಜೊತೆಗೆ ಹೊರಟ. ಅನುಮತಿ ತರಿಸಿಕೊಳ್ಳುವುದು ಎರಡು ನಿಮಿಷದ ಕೆಲಸವೆಂದು ಅವನು ಹೇಳಿ ನೋಡಿದ, ಅವಳ ಮುಖ ನೋಡಿ ತನ್ನ ಚೀಲ ಕಟ್ಟತೊಡಗಿದ. ನಿಲ್ದಾಣದ ಕೌಂಟರಿನಲ್ಲಿದ್ದವನು ಹೊಸಬ, ಮೃದು ಮಾತಿನವನು. ಅವಳ ಕಿವಿಯ ಹಿಂದೆ ನೋಡಿ, ತನ್ನ ಪರದೆ ನೋಡಿ, ಸಂಕೋಚದಿಂದ ಕೇಳಿದ.

"ಮೇಡಂ, ಇದಕ್ಕ ಪರ್ಮಿಷನ್ ತಗೊಂಡೀರೇನ್ರಿ?"

"ಇಲ್ಲ. ನೀವು ನಿಮ್ಮ ಕಿವಿಗೆ ತಗೊಂಡೀರೇನು?"

ಅವನು ಮತ್ತೆ ಪರದೆಯತ್ತ ನೋಡಿದ. ಮೇಲಧಿಕಾರಿಯನ್ನು ಕರೆಯುತ್ತೇನೆ, ತಡವಾಗಬಹುದು ಎಂದ. ಕರೆಯಿರಿ, ಎಷ್ಟು ತಡವಾದರೂ ನಾನು ಇಲ್ಲೇ ನಿಂತಿರುತ್ತೇನೆ ಎಂದು ಅವಳು ಚೀಲ ಕೆಳಗಿಟ್ಟಳು. ಹಿಂದಿನ ಸಾಲು ಉದ್ದವಾಗತೊಡಗಿತು. ಯಾರೋ ಗೊಣಗಿದರು.

ಆಗ ಸಾಲಿನ ನಡುವಿನಿಂದ ಒಬ್ಬ ವಯಸ್ಸಾದವರ ದನಿ ಬಂತು.

"ನಂದೂ ಪರ್ಮಿಷನ್ ಇಲ್ಲಪಾ. ಕೈನಡುಕಕ್ಕಂತ ತಲಿಯೊಳಗ ಮಷೀನ್ ಅದ. ಸಾಹೇಬರನ್ನ ಕರಸೂದಾದ್ರ ಇಬ್ಬರಿಗೂ ಕೂಡೇ ಕರಸು."

ಗದ್ದಲದ ನಡುವೆಯೂ ಆ ಮಾತು ವೈಜಯಂತಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ಪಕ್ಕಕ್ಕೆ ಸರಿದು, ಅವರು ಬಂದು ನಿಲ್ಲಲು ಜಾಗ ಮಾಡಿಕೊಟ್ಟಳು.